ಯಾವ ಸ್ಕೂಲಿನವನು

"ಮಾತಾಡಬೇಡ. ಎಣಿಸ್ತಿದ್ದೀನಿ."

ಮಿಸೆಸ್ ಥಿಬೋ ಅವನ ಎಡ ಮಣಿಕಟ್ಟನ್ನು ಹಿಡಿದು ಗೋಡೆಯ ಗಡಿಯಾರ ನೋಡುತ್ತಿದ್ದರು. ಆಸ್ಪತ್ರೆಯ ಗೌನು ತೊಟ್ಟವರು ಅವರು. ಹೆಸರಿನ ಪಟ್ಟಿಯನ್ನು ಕೈಗೆ ಸುತ್ತಿಸಿಕೊಂಡವರೂ ಅವರೇ. ಆದರೂ ರೋಗಿಯಂತೆ ಕೂತಿದ್ದವನು ನುನೊ. ಅವನ ಬಲಗೈಯಲ್ಲಿ ಫೋನು ಬೆಳಗುತ್ತಿತ್ತು.

"ಜೋರಾಗಿ ಹೊಡ್ಕೊಳ್ತಿದೆ," ಎಂದು ಅವರು ಕೈ ಬಿಟ್ಟರು. "ಏನು ಚಿಂತೆ?"

"ಏನಿಲ್ಲ."

"ಎಲ್ಲರೂ ಹಾಗೇ ಅಂತಾರೆ. ಆಮೇಲೆ ರಾತ್ರಿಯೆಲ್ಲ ಗಂಟೆ ಒತ್ತುತ್ತಾರೆ."

ನುನೊ ರಪೋಸೊನ ಕೆಲಸ ನೋಡುವುದು. ಅಷ್ಟೇ. ನೆನಪು ತಪ್ಪಿದ ರೋಗಿಗಳು ಎದ್ದು ಎಲ್ಲಾದರೂ ಹೋಗಿ ಬೀಳದಂತೆ ಪಕ್ಕದ ಕುರ್ಚಿಯಲ್ಲಿ ಕೂತು ಕಾಯುವುದು. ಔಷಧಿ ಕೊಡುವಂತಿಲ್ಲ, ಗಾಯ ಮುಟ್ಟುವಂತಿಲ್ಲ. ಇರುವುದು ಒಂದೇ ನಿಯಮ: ರೋಗಿಯ ಮೇಲಿಂದ ಕಣ್ಣು ತೆಗೆಯಬಾರದು. ತತ್ತ್ವಶಾಸ್ತ್ರ ಓದಿದವನಿಗೆ ಇದಕ್ಕಿಂತ ಒಪ್ಪುವ ಕೆಲಸ ಫಾಲ್ ರಿವರ್ ಊರಿನಲ್ಲಿ ಇನ್ನೊಂದಿಲ್ಲ ಎಂದು ಅವನೇ ಒಮ್ಮೆ ತಮಾಷೆ ಮಾಡಿದ್ದ. ಯಾರೂ ನಕ್ಕಿರಲಿಲ್ಲ.

ಫೋನಿನಲ್ಲಿ ಎರಡು ಪುಟಗಳು ತೆರೆದಿದ್ದವು. ಎರಡು ನರ್ಸಿಂಗ್ ಕಾಲೇಜುಗಳು ಅವನಿಗೆ ಸೀಟು ಕೊಟ್ಟಿದ್ದವು. ಬೇರೆ ಪದವಿ ಮುಗಿಸಿ ದಾರಿ ತಪ್ಪಿದವರನ್ನು ಹದಿನಾರು ತಿಂಗಳಲ್ಲಿ ನರ್ಸ್ ಮಾಡಿಬಿಡುವ ಅವಸರದ ಕೋರ್ಸು, ಎರಡು ಕಡೆಯೂ. ಒಂದು ಬಾಸ್ಟನ್ನಿನದು, ಹೆಸರು ಹೇಳಿದರೆ ಜನ ಒಮ್ಮೆ ತಿರುಗಿ ನೋಡುತ್ತಾರೆ. ಇನ್ನೊಂದು ಹೆದ್ದಾರಿ ಪಕ್ಕದ ಸರ್ಕಾರಿ ಕಾಲೇಜು. ಹೆಸರು ಹೇಳಿದರೆ, ಅಲ್ಲಿ ಕಾರು ನಿಲ್ಲಿಸೋಕೆ ಜಾಗ ಚೆನ್ನಾಗಿದೆ ಅನ್ನುತ್ತಾರೆ. ಮೊದಲನೆಯದರ ಫೀಸು ಎರಡನೆಯದರ ನಾಲ್ಕರಷ್ಟು. ಕೊನೆಗೆ ಬರೆಯುವ ಪರೀಕ್ಷೆ ಒಂದೇ. ಸಿಗುವ ಲೈಸೆನ್ಸೂ ಒಂದೇ. ಈ ಸಂಜೆ ಐದರೊಳಗೆ ಯಾವುದಾದರೂ ಒಂದಕ್ಕೆ ಮುಂಗಡ ಕಟ್ಟಬೇಕು. ಇಲ್ಲದಿದ್ದರೆ ಎರಡೂ ಹೋಗುತ್ತವೆ.

ಲೆಕ್ಕ ಮಕ್ಕಳಿಗೂ ಅರ್ಥವಾಗುವಂತಿತ್ತು. ಅವನಿಗೆ ಸಹಿಸಲಾಗದಿದ್ದದ್ದು ಅದೇ.

ನರ್ಸ್ ದುಲ್ಸೆ ಮಾತ್ರೆಯ ಪುಡಿಯನ್ನು ಸೇಬಿನ ಗೊಜ್ಜಿಗೆ ಕಲಸುತ್ತ ಒಳಗೆ ಬಂದಳು.

"ಏನು ಪ್ರೊಫೆಸರ್, ನಾಡಿ ಸಿಕ್ತಾ?"

"ಇದೆಯಂತೆ."

"ಪುಣ್ಯ. ಇಲ್ಲದಿದ್ರೆ ನಿಮ್ಮನ್ನೂ ನಾನೇ ನೋಡ್ಕೋಬೇಕಿತ್ತು."

ಮಿಸೆಸ್ ಥಿಬೋ ಚಮಚಕ್ಕೆ ಬಾಯಿ ತೆರೆದರು. ನುನೊ ಗೋಡೆ ನೋಡುತ್ತ ಕೇಳಿದ: "ದುಲ್ಸೆ, ನೀನು ಓದಿದ್ದು ಎಲ್ಲಿ?"

"ಯಾಕೆ, ನನ್ನ ಕೆಲಸದಲ್ಲಿ ಏನು ಕಮ್ಮಿ ಕಾಣ್ತು?"

"ಸುಮ್ನೆ ಕೇಳ್ದೆ. ಬಾಸ್ಟನ್ನಿನಲ್ಲಿ ಸೀಟು ಸಿಕ್ಕಿದೆ ನಂಗೆ."

"ಒಳ್ಳೇದಾಯ್ತು." ಅವಳು ಮುದುಕಿಯ ಗಲ್ಲ ಒರೆಸಿದಳು. "ಅಲ್ಲಿ ಓದಿದವರು ಈ ಮಹಡೀಲೇ ಇಬ್ಬರಿದ್ದಾರೆ. ಯಾರು ಹೇಳಿ ನೋಡೋಣ."

ಅವನು ಯೋಚಿಸಿದ. ಒಂದೂ ಮುಖ ಹೊಳೆಯಲಿಲ್ಲ.

"ಹಾಗಾದ್ರೆ ಸರ್ಕಾರಿದೇ ತಗೊಳ್ಳಲಾ?"

"ನಾನು ಹಾಗಂದ್ನಾ?" ಅಂದು ದುಲ್ಸೆ ಹೊರಟುಹೋದಳು.

ಸ್ವಲ್ಪ ಹೊತ್ತಿಗೆ ಅಮ್ಮನ ಫೋನು ಬಂತು. ಅವನು ದನಿ ತಗ್ಗಿಸಿದ.

"ಕಟ್ಟಿದ್ಯೇನೋ?"

"ಇನ್ನೂ ಇಲ್ಲ."

"ಬ್ಯಾಂಕಿನವರು ಮನೆ ಮೇಲೆ ಸಾಲ ಕೊಡ್ತಾರಂತೆ. ನಾನು ಹೂಂ ಅಂದಿದ್ದೀನಿ."

"ಸರ್ಕಾರಿದಾದ್ರೆ ಸಾಲಾನೇ ಬೇಕಾಗಲ್ಲಮ್ಮ."

ಆ ಕಡೆ ಪಾತ್ರೆಯ ಸದ್ದು ನಿಂತಿತು. "ನಿಂಗೆ ಯಾವುದು ಇಷ್ಟಾನೋ ಅದು. ನಾನು ಒಂದು ಮಾತೂ ಆಡಲ್ಲ. ನಮ್ಮವರ ಕ್ಲಬ್ಬಿನಲ್ಲಿ ಬಾಸ್ಟನ್ ಅಂತ ಹೇಳಿದ್ದೀನಿ, ಅಷ್ಟೇ. ಅದೇನು ದೊಡ್ಡದಲ್ಲ ಬಿಡು."

"ಯಾರಿಗೆ ಹೇಳಿದೆ?"

"ಫಿಲೊಮೆನಾಗೆ ಮಾತ್ರ."

ಅಂದರೆ ಭಾನುವಾರ ಇಗರ್ಜಿಗೆ ಬರುವವರೆಲ್ಲರಿಗೂ.

"ಸೊಪ್ಪಿನ ಸೂಪು ಇಟ್ಟಿದ್ದೀನಿ. ಬೇಗ ಬಾ."

ಕಿಟಕಿ ಪರದೆ ಹೊಲಿಯುವ ಕಾರ್ಖಾನೆಯಲ್ಲಿ ಬೆನ್ನು ಬಗ್ಗಿಸಿ ಅಮ್ಮ ಉಳಿಸಿಕೊಂಡ ಮನೆ ಅದು. ಅಮ್ಮನ ಹೆಮ್ಮೆಗಾಗಿ ಅದನ್ನು ಒತ್ತೆ ಇಡುತ್ತಿದ್ದೇನೆ ಎಂದುಕೊಳ್ಳಲು ಸಾಧ್ಯವಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಆ ಹೆಸರು ಬೇಕಾಗಿದ್ದದ್ದು ಅವನಿಗೇ. ಪದವಿಯಿಂದೀಚಿನ ವರ್ಷಗಳೆಲ್ಲ ಅಲ್ಲಲ್ಲಿ ಕುರ್ಚಿಯ ಮೇಲೆ ಕೂತು ಕಳೆದುಹೋಗಿದ್ದವು. ಎಳೆದು ಹೊದಿಸಿದರೆ ಅವೆಲ್ಲ ಮುಚ್ಚಿಹೋಗುವಂಥ, ಅಷ್ಟು ಅಗಲದ ಒಂದು ಹೆಸರು ಬೇಕಿತ್ತು. ನರ್ಸ್ ಏಕೆ ಆಗಬೇಕು ಎಂಬ ಪ್ರಶ್ನೆಗೆ ಎರಡೂ ಕಾಲೇಜಿಗೆ ಅವನು ಕಳಿಸಿದ್ದು ಒಂದೇ ಉತ್ತರ. ಕಾಲೇಜಿನ ಹೆಸರನ್ನಷ್ಟೇ ಬದಲಿಸಿದ್ದ.

"ನೀನು ಯಾವ ಸ್ಕೂಲಿನವನು?"

ಅವನು ಬೆಚ್ಚಿದ. ಮಿಸೆಸ್ ಥಿಬೋ ಊಟದ ತಟ್ಟೆಯಿಂದ ಕಾಗದದ ಕರವಸ್ತ್ರ ತೆಗೆದು ಮಡಚುತ್ತಿದ್ದರು. ತಮ್ಮ ಮಗಳ ಹೆಸರನ್ನೇ ಮರೆತಿದ್ದರೂ ಅವರ ಬೆರಳುಗಳು ಎಲ್ಲಿಯೂ ತಡವರಿಸಲಿಲ್ಲ.

"ನಮ್ಮದು ಗುಡ್ಡದ ಮೇಲಿನ ಆಸ್ಪತ್ರೆಯ ನರ್ಸಿಂಗ್ ಸ್ಕೂಲು," ಅಂದರು. "ಎರಡು ರೆಕ್ಕೆ ಟೋಪಿ, ಅಂಚಿಗೆ ಕಪ್ಪು ಪಟ್ಟಿ. ರಸ್ತೆ ಆ ಬದಿಯಿಂದಲೇ ಗೊತ್ತಾಗ್ತಿತ್ತು ನಮ್ಮವರು ಅಂತ. ಕೆಳಗಿನ ಆಸ್ಪತ್ರೆಯವರದು ಕೇಕ್ ಸುತ್ತೋ ಕಾಗದದ ಹಾಗೆ. ಬಸ್ಸಿನಲ್ಲಿ ಅವರ ಪಕ್ಕ ಕೂರ್ತಿರಲಿಲ್ಲ ನಾವು."

"ಯಾಕೆ?"

"ಯಾಕೆ ಅಂದ್ರೆ? ಅವರು ಕೆಳಗಿನವರು."

ಗುಡ್ಡದ ಮೇಲೆ ಈಗ ಯಾವ ಆಸ್ಪತ್ರೆಯೂ ಇರಲಿಲ್ಲ. ಇತ್ತೆಂದು ಅವನು ಕೇಳಿದ್ದೂ ಇವರ ಬಾಯಿಂದಲೇ.

ಅವನು ಬಾಸ್ಟನ್ನಿನ ಹೆಸರನ್ನು ಗಟ್ಟಿಯಾಗಿ ಹೇಳಿ ನೋಡಿದ. ಬಾಯಿಗೆ ಹಿತವೆನಿಸಿತು.

"ಕೇಳಿಲ್ಲಪ್ಪ," ಅಂದರು ಮಿಸೆಸ್ ಥಿಬೋ. "ಟೋಪಿ ಹೇಗಿರುತ್ತೆ?"

"ಈಗ ಟೋಪಿ ಇಲ್ಲ, ಮಿಸೆಸ್ ಥಿಬೋ. ಯಾರಿಗೂ ಇಲ್ಲ."

ಅವರು ಅವನನ್ನು ಕನಿಕರದಿಂದ ನೋಡಿದರು. "ಮತ್ತೆ ಯಾರು ಯಾರು ಅಂತ ಹೇಗಪ್ಪ ಗೊತ್ತಾಗುತ್ತೆ?"

ಕರವಸ್ತ್ರ ಮಡಚಿ ಮಾಡಿದ ಕಾಗದದ ಟೋಪಿಯನ್ನು ನರೆತ ಕೂದಲ ಮೇಲೆ ಇಟ್ಟುಕೊಂಡು ಅವರು ಎದ್ದು ನಿಂತರು. "ನಡಿ. ವಾರ್ಡ್ ಸುತ್ತೋ ಹೊತ್ತಾಯ್ತು."

ಬಾಗಿಲಲ್ಲಿ ದುಲ್ಸೆ ತಡೆಯಲಿಲ್ಲ. "ಕಾರಿಡಾರ್ ಕೊನೆವರೆಗೂ ನಡೆಸ್ಕೊಂಡು ಬನ್ನಿ. ನಡೆದ್ರೆ ಅವರಿಗೆ ನಿದ್ದೆ ಬರುತ್ತೆ. ಕಣ್ಣು ಮಾತ್ರ ಬಿಡಬೇಡಿ."

ಕಾರಿಡಾರಿನ ಕೊನೆಗೆ, ನರ್ಸುಗಳು ಸಾಲದೆಂದು ಮುಚ್ಚಿದ್ದ ವಾರ್ಡಿನ ಬಾಗಿಲಿತ್ತು. ಬೀಗ ಇರಬೇಕಿತ್ತು. ಮಿಸೆಸ್ ಥಿಬೋ ತಳ್ಳಿದರು, ಅದು ತೆರೆದುಕೊಂಡಿತು. ಅವನು ತಡೆಯಬಹುದಿತ್ತು. ಒಳಗೆ ಯಾರೂ ಇಲ್ಲ, ಫೋನು ನೋಡಬಹುದು ಎಂದುಕೊಂಡ.

ಅರ್ಧದಷ್ಟು ದೀಪಗಳೇ ಉರಿಯುತ್ತಿದ್ದವು. ಅವರು ಮೊದಲ ಕೋಣೆಗೆ ಹೋಗಿ ಹೊದಿಕೆಯಿಲ್ಲದ ಹಾಸಿಗೆಯ ಮೇಲೆ ಬಾಗಿದರು.

"ರಾತ್ರಿ ಹೇಗಿತ್ತು?"

ಉತ್ತರಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಂತರು. ತಲೆಯಾಡಿಸಿದರು. ಮುಂದಿನ ಕೋಣೆಯಲ್ಲಿ ಉತ್ತರ ಉದ್ದವಿತ್ತೇನೋ, ಹೆಚ್ಚು ಹೊತ್ತು ನಿಂತರು. ಅವರು ಕೇಳಿಸಿಕೊಳ್ಳುವ ರೀತಿಯಲ್ಲಿ ನಟನೆ ಇರಲಿಲ್ಲ.

ಮೂರನೆಯದರಲ್ಲಿ ಅವನನ್ನು ಭುಜ ಹಿಡಿದು ಖಾಲಿ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. "ಇವನ ಪಕ್ಕ ಇರು. ಒಬ್ಬನೇ ಬಿಡಬೇಡ." ಟೋಪಿ ಸರಿಮಾಡಿಕೊಂಡು ಪಕ್ಕದ ಕೋಣೆಗೆ ಹೋದರು.

ಅವನು ಏಳಲಿಲ್ಲ. ಐದಕ್ಕೆ ಸ್ವಲ್ಪವೇ ಬಾಕಿ ಇತ್ತು. ಹೆಬ್ಬೆರಳು ಸರ್ಕಾರಿ ಕಾಲೇಜಿನ ಮೇಲೆ ಒಂದು ಗಳಿಗೆ ನಿಂತು, ಪುಟ ಸರಿಸಿ, ಬಾಸ್ಟನ್ನನ್ನು ಒತ್ತಿತು. ಕಾರ್ಡು ಒಪ್ಪಿಗೆಯಾಯಿತು. ಫೋನಿನ ಪರದೆಯ ಮೇಲಿಂದ ಬಣ್ಣದ ಚೂರುಗಳು ಉದುರಿದವು. 'ಸ್ವಾಗತ, ನುನೊ. ಇನ್ನು ನೀವು ನಮ್ಮಲ್ಲೊಬ್ಬರು.' ಏನೋ ಆಗಬೇಕಿತ್ತು, ಅವನು ಕಾದ. ಚೂರುಗಳು ಉದುರಿ ಮುಗಿದವು.

ಆಗಲೇ ಅವನಿಗೆ ಉಸಿರು ಕೇಳಿಸಿದ್ದು.

ಹಾಸಿಗೆ. ಗಾಳಿ ತುಂಬುವ ಹಾಸಿಗೆ ಅದು. ತಾವಾಗಿ ಹೊರಳಲಾರದವರ ಬೆನ್ನು ಹುಣ್ಣಾಗದಿರಲೆಂದು ಒಂದು ಬದಿ ಉಬ್ಬಿ, ಇನ್ನೊಂದು ಕುಗ್ಗಿ, ಆಗಾಗ ಮಗ್ಗುಲು ಬದಲಿಸುವಂಥದು. ಮಲಗಿದ್ದವನನ್ನು ಯಾವಾಗಲೋ ಕರೆದೊಯ್ದಿದ್ದರು. ಯಂತ್ರವನ್ನು ಯಾರೂ ಆರಿಸಿರಲಿಲ್ಲ.

ಪಕ್ಕದ ಕೋಣೆಯಿಂದ ಮಿಸೆಸ್ ಥಿಬೋ ಕೇಳಿದರು: "ರಾತ್ರಿ ಹೇಗಿತ್ತು?"

ಮೌನ. ಯಾವ ಉತ್ತರಕ್ಕೂ ಸಾಕಾಗುವಷ್ಟು ಮೌನ. ಆಮೇಲೂ ಅದು ಮುಂದುವರಿಯಿತು. ಹೆಜ್ಜೆ ಮುಂದಿನ ಕೋಣೆಗೆ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ.

ಎದ್ದು ಹೋಗಿ ಅವರನ್ನು ನೋಡಬೇಕು ಎಂದು ಅವನಿಗೆ ಗೊತ್ತಿತ್ತು.

ಹಾಸಿಗೆಯ ಆಚೆ ಬದಿ ನಿಟ್ಟುಸಿರಿಟ್ಟು ಉಬ್ಬತೊಡಗಿತು. ನೀಲಿ ರಬ್ಬರು ಮೆಲ್ಲಗೆ, ಬಹಳ ಜೋಪಾನವಾಗಿ ಏರಿ, ಅಲ್ಲಿ ಇಲ್ಲದವನನ್ನು ನುನೊನ ಕಡೆಗೆ ಮುಖ ಮಾಡಿ ಹೊರಳಿಸುತ್ತಿತ್ತು. ನುನೊ ಕೈ ಚಾಚಿ ಅಂಚಿನ ಕಂಬಿ ಹಿಡಿದ. ಹೊರಳುವುದು ಪೂರ್ತಿ ಮುಗಿಯಲಿ ಎಂದು ಕಣ್ಣು ತೆಗೆಯದೆ ಕಾಯುತ್ತ ಕೂತ.