ಗಾಜಿನ ಮೇಲಿನ ವಿಭೂತಿ

ಬೆಂಗಳೂರಿನ ಟಿನ್ ಫ್ಯಾಕ್ಟರಿ ಹತ್ತಿರದ ಒಂದು ಅಪಾರ್ಟ್‌ಮೆಂಟಿನ ಈಜುಕೊಳ ಪಾಲಕ್ ಬೇಯಿಸಿದ ನೀರಿನಂತೆ ಹಸಿರಾಗಿ ಎಂಟು ದಿನವಾಗಿತ್ತು. ಹಸಿರು ಕಂಡಾಗಲೆಲ್ಲ ಕ್ಲೋರಿನ್ ಪುಡಿ ಸುರಿಯುವುದೊಂದೇ ಅಲ್ಲಿನವರಿಗೆ ಗೊತ್ತಿದ್ದ ಮದ್ದು. ನೀರು ತಿಳಿಯಾಗಲಿಲ್ಲ, ಮಕ್ಕಳ ಕಣ್ಣು ಕೆಂಪಾದವು. ಬೈಗುಳವೆಲ್ಲ ಬಿದ್ದದ್ದು ಕೊಳ ನೋಡಿಕೊಳ್ಳುವ ಚಂದ್ರಾಮಪ್ಪನ ತಲೆಗೆ.

ಅವನ ಹೆಂಡತಿ ಶೇಷಮ್ಮ ಅಲ್ಲಿಯೇ ಕಸ ಗುಡಿಸುವ ಕೆಲಸದವಳು. ಶುಕ್ರವಾರ ಮಧ್ಯಾಹ್ನ ರೊಟ್ಟಿಬುತ್ತಿ ಹಿಡಿದು ಪಂಪಿನ ಕೋಣೆಗೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಫಿಲ್ಟರಿನ ಪೈಪು ಜಾಯಿಂಟಿನಲ್ಲಿ ಸೋರಿ, ನೀರು ಮೋಟಾರಿನ ಮೇಲೆ ಚಿಮ್ಮುತ್ತಿತ್ತು. ಚಂದ್ರಾಮಪ್ಪ ಆ ನೀರಿನಲ್ಲೇ ಬರಿಗಾಲಲ್ಲಿ ನಿಂತು, ಅವಳ ಹಳೇ ಸೀರೆಯ ತುಂಡನ್ನು ಜಾಯಿಂಟಿಗೆ ಬಿಗಿಯುತ್ತಿದ್ದ. ಮೋಟಾರು ಓಡುತ್ತಲೇ ಇತ್ತು.

“ಸರೀರಿ ಅಲ್ಲಿಂದ,” ಎಂದವಳೇ ಬಾಗಿಲ ಪಕ್ಕದ ಮೇನ್ ಸ್ವಿಚ್ ಆರಿಸಿದಳು.

“ಯಾಕ ಬಂದ್ ಮಾಡ್ದಿ? ಐತವಾರ ಮಕ್ಕಳ ಈಜಿನ ಸ್ಪರ್ಧೆ ಅದ. ನಿನ್ನಿ ಮುಟ್ಟಿದಾಗ ಬರೇ ಜುಂ ಅಂದಿತ್ತು, ಏನೂ ಆಗಿಲ್ಲ.”

“ನಿನ್ನಿ ಜುಂ ಅಂದಿತ್ತು, ಇವತ್ತ ಮತ್ತ ಅಲ್ಲೇ ನಿಂತೀರಿ. ಎರಡು ಮಕ್ಕಳವ ನಿಮಗ, ನೆನಪದ ಇಲ್ಲ?”

ಶೇಷಮ್ಮನ ಮೈಯೆಲ್ಲ ಉರಿಯುತ್ತಿತ್ತು. ಕರೆಂಟು ಹೊಡೆದದ್ದನ್ನು ಹೆಂಡತಿಗೂ ಹೇಳದೆ ಮುಚ್ಚಿಡುವವನಿಗೆ ಏನೆನ್ನಬೇಕು? ಅಷ್ಟರಲ್ಲಿ ಮೋಟಾರಿನ ಸದ್ದು ನಿಂತದ್ದನ್ನು ಕೇಳಿ ನಿವಾಸಿಗಳ ಸಂಘದ ಕಾರ್ಯದರ್ಶಿ ರಾಮಾಂಜಿನಪ್ಪ ಬಂದರು.

“ಪಂಪ್ ಯಾಕಪ್ಪ ನಿಲ್ಸಿದೆ? ಇನ್ನೊಂದು ಡಬ್ಬ ಕ್ಲೋರಿನ್ ಹಾಕು, ಸರಿಹೋಗುತ್ತೆ.”

“ಡಬ್ಬಿ ನೀವೇ ಹಾಕ್ರಿ ಸಾಹೇಬ್ರ,” ಎಂದಳು ಶೇಷಮ್ಮ. “ಈ ನೀರಾಗ ನಿಂತು ಮೋಟಾರೂ ನೀವೇ ಮುಟ್ರಿ. ನನ್ನ ಗಂಡ ಮುಟ್ಟಂಗಿಲ್ಲ.”

ಸುಮ್ಮನಿರೆಂದು ಚಂದ್ರಾಮಪ್ಪ ಕಣ್ಸನ್ನೆ ಮಾಡಿದ. ಅವಳು ಅತ್ತ ನೋಡಲೂ ಇಲ್ಲ. ಮೆಹರುನ್ನೀಸಾಳಿಗೆ ಫೋನ್ ಹಚ್ಚಿದಳು. ಇವರು ಲಿಂಗರಾಜಪುರದಲ್ಲಿ ಬಾಡಿಗೆಗಿದ್ದಾಗ ಅವಳು ಪಕ್ಕದ ಮನೆಯವಳು. ಶಿವಾಜಿನಗರದಲ್ಲಿ ಅಪ್ಪನ ಮೋಟಾರ್ ರಿಪೇರಿ ಅಂಗಡಿಯನ್ನು ಈಗ ಅವಳೇ ನಡೆಸುತ್ತಾಳೆ.

ಮೆಹರುನ್ನೀಸಾ ಗಂಟೆಯೊಳಗೆ ಸ್ಕೂಟರಿನಲ್ಲಿ ಬಂದಳು. ಮೊದಲು ನೆಲ ಒರೆಸಿಸಿದಳು, ಆಮೇಲೆ ಮೋಟಾರಿನ ವೈರುಗಳನ್ನು ನೋಡಿದಳು. ನೋಡಿದವಳೇ ಸಿಡಿದಳು.

“ಸೋರಿದ ಕರೆಂಟನ್ನ ನೆಲಕ್ಕಿಳಿಸೋ ಅರ್ಥ್ ವೈರೇ ಕಟ್ ಆಗಿದೆ ಭಾಯ್. ನೀವು ಬದುಕಿರೋದೇ ಅಲ್ಲಾಹನ ದಯೆ. ಸಾರ್, ಇದನ್ನ ಕೊನೇ ಸಲ ಯಾವಾಗ ಚೆಕ್ ಮಾಡಿಸಿದ್ರಿ?”

“ನೆನಪಿಲ್ಲಮ್ಮ,” ಎಂದರು ರಾಮಾಂಜಿನಪ್ಪ. ಅವಳು ಹೊಸ ವೈರು ಜೋಡಿಸಿ, ಮೋಟಾರು ಒಣಗಿಸಿ, ಜಾಯಿಂಟಿಗೆ ಹೊಸ ವಾಷರ್ ಹಾಕಿ ಎದ್ದಳು.

“ಈ ನೀರು ಯಾಕೆ ಸೋರ್ತು ಅನ್ನೋದು ಗೊತ್ತಾಗ್ಬೇಕು. ಪ್ರೆಷರ್ ಮೀಟರ್ ಎಲ್ಲಿ?”

ಮೀಟರು ಫಿಲ್ಟರಿನ ನೆತ್ತಿಯಲ್ಲೇ ಇತ್ತು. ಅದರ ಗಾಜಿನ ತುಂಬ ಆಯುಧಪೂಜೆಯ ವಿಭೂತಿ, ನಡುವೆ ಕುಂಕುಮ. ಒತ್ತಡ ತೋರಿಸುವ ಒಳಗಿನ ಮುಳ್ಳು ಕಾಣುತ್ತಲೇ ಇರಲಿಲ್ಲ.

“ಇಕಿ ಪೂಜಿ ಮಾಡಿದ್ದು. ಒರಸಬಾರದಂತ ಬಿಟ್ಟೀನಿ,” ಎಂದ ಚಂದ್ರಾಮಪ್ಪ.

ಶೇಷಮ್ಮ ಮೀಟರಿನ ಹತ್ತಿರ ಬಂದಳು. ಬಳಿದದ್ದು ಅವಳೇ. ಗಂಡನನ್ನು ಕಾಪಾಡಪ್ಪ ಎಂದು ಬೇಡಿಕೊಂಡು, ದುಂಡಗೆ ಮುಖದ ಹಾಗೆ ಕಂಡ ಜಾಗಕ್ಕೇ ಬಳಿದಿದ್ದಳು. ಇಷ್ಟು ಹೊತ್ತು ಎಲ್ಲರ ಮೇಲಿದ್ದ ಸಿಟ್ಟು ಈಗ ತನ್ನ ಮೇಲೆಯೇ ತಿರುಗಿತು.

“ನಾನು ಒರೆಸಲ್ಲ ಅಕ್ಕ,” ಎಂದಳು ಮೆಹರುನ್ನೀಸಾ ಮೆಲ್ಲಗೆ. “ನೀವು ಹಚ್ಚಿದ್ದು, ನೀವೇ ಒರೆಸಿ.”

ಶೇಷಮ್ಮ ಕೈಮುಗಿದು, ಸೆರಗಿನ ತುದಿ ನೆನೆಸಿ ಗಾಜು ಒರೆಸಿದಳು. ಎಲ್ಲರೂ ಹೊರಗೆ ನಿಂತ ಮೇಲೆ ಮೆಹರುನ್ನೀಸಾ ಸ್ವಿಚ್ ಹಾಕಿದಳು. ಮುಳ್ಳು ಮೂವತ್ತೆರಡಕ್ಕೆ ಹೋಗಿ ನಿಂತಿತು. ‘ಫಿಲ್ಟರ್ ಶುದ್ಧವಿದ್ದಾಗ ಹನ್ನೆರಡು’ ಎಂದು ಅದನ್ನು ಕೂರಿಸಿದವರು ಫಿಲ್ಟರಿನ ಟ್ಯಾಂಕಿನ ಮೇಲೇ ಬರೆದಿದ್ದರು.

“ನೋಡಿದ್ರಾ? ಒಳಗೆ ಕೊಳೆ ಕಟ್ಟಿದೆ. ನೀರಿಗೆ ದಾರಿ ಇಲ್ದೆ ಜಾಯಿಂಟಲ್ಲಿ ಹೊರಗೆ ಬಂತು. ಫಿಲ್ಟರಲ್ಲಿ ನೀರು ಹಾಯದೇ ಇದ್ರೆ ಎಷ್ಟು ಪುಡಿ ಸುರಿದ್ರೂ ಹಸಿರೇ.”

“ಹಾಗಾದ್ರೆ ಹೊಸ ಫಿಲ್ಟರ್ ತರಿಸ್ಬೇಕಾ?” ರಾಮಾಂಜಿನಪ್ಪ ಕೇಳಿದರು.

“ಬೇಡ ಸಾರ್, ಬ್ಯಾಕ್‌ವಾಷ್ ಮಾಡಿದ್ರೆ ಸಾಕು. ನೀರನ್ನ ಉಲ್ಟಾ ಹರಿಸಿ ಫಿಲ್ಟರ್ ಒಳಗಿರೋ ಮರಳು ತೊಳೆಯೋದು. ಭಾಯ್, ಚಪ್ಪಲಿ ಹಾಕ್ಕೊಳ್ಳಿ, ನೀವೇ ಮಾಡಿ. ಮೊದಲು ಮೋಟಾರ್ ಆಫ್. ಓಡ್ತಿರೋವಾಗ ನೀರಿನ ದಾರಿ ಬದಲಿಸೋ ಈ ಹಿಡಿ ತಿರುಗಿಸ್ಲೇಬಾರದು.”

ಅವನು ಮೋಟಾರು ನಿಲ್ಲಿಸಿ, ಪಂಪಿನ ಬಾಯಲ್ಲಿ ಕಸ ತಡೆಯುವ ಬುಟ್ಟಿಯಿಂದ ಎಲೆ, ಕೂದಲು ತೆಗೆದು ಮುಚ್ಚಳ ಬಿಗಿ ಮಾಡಿದ. ಹಿಡಿಯನ್ನು ಬ್ಯಾಕ್‌ವಾಷ್‌ಗೆ ತಿರುಗಿಸಿ ಮತ್ತೆ ಓಡಿಸಿದ. ಕೊಳೆ ನೀರು ಹೊರಹೋಗುವ ಗಾಜಿನ ಕೊಳವೆಯಲ್ಲಿ ಡಿಕಾಕ್ಷನ್ ಬಣ್ಣದ ನೀರು ಹರಿದು, ಮೂರು ನಿಮಿಷಕ್ಕೆ ತಿಳಿಯಾಯಿತು. ಪ್ರತಿ ಸಲ ಮೋಟಾರು ನಿಲ್ಲಿಸಿಯೇ ಹಿಡಿಯನ್ನು ಮೊದಲು ಉಳಿದ ಕೊಳೆ ತೊಳೆಯುವ ರಿನ್ಸ್‌ಗೆ, ಆಮೇಲೆ ಮಾಮೂಲಿನ ಫಿಲ್ಟರ್‌ಗೆ ತಂದ. ಮುಳ್ಳು ಹನ್ನೆರಡಕ್ಕೆ ಇಳಿಯಿತು.

“ತಳ ಕಾಣೋವರೆಗೂ ಮಕ್ಕಳನ್ನ ಇಳಿಸ್ಬೇಡಿ,” ಎಂದಳು ಮೆಹರುನ್ನೀಸಾ. ರಾಮಾಂಜಿನಪ್ಪ ಸ್ಪರ್ಧೆ ಮುಂದಕ್ಕೆ ಹಾಕಿದರು. “ತಪ್ಪು ನಂದೇ ಕಣಮ್ಮ,” ಎಂದು ಶೇಷಮ್ಮನಿಗೂ ಹೇಳಿದರು. ಅವಳ ಸಿಟ್ಟು ಅಷ್ಟಕ್ಕೆಲ್ಲ ಇಳಿಯಲಿಲ್ಲ. ಸೀರೆಯ ತುಂಡನ್ನು ಕಸಕ್ಕೆ ಎಸೆದು, ಟ್ಯಾಂಕಿನ ಹೊಟ್ಟೆಗೆ ಬೆರಳಗಲ ವಿಭೂತಿ ಹಚ್ಚಿ, ಗಂಡನ ಮುಂದೆ ಬುತ್ತಿ ಬಿಚ್ಚಿದಳು.

“ಇನ್ನೊಮ್ಮಿ ಜುಂ ಅಂದ್ರ ಮೊದಲ ಸ್ವಿಚ್ ಆರಸ್ರಿ, ಆಮ್ಯಾಲ ನನಗ ಹೇಳ್ರಿ.”

“ಹೇಳ್ತೀನಿ,” ಎಂದ ಚಂದ್ರಾಮಪ್ಪ. ರೊಟ್ಟಿ ಮುರಿದು ಮೊದಲ ತುಂಡನ್ನು ಅವಳಿಗೆ ಕೊಟ್ಟ.

ಓದುತ್ತಿರುವವರೇ, ನಿಮ್ಮ ಕಟ್ಟಡದಲ್ಲೂ ಒಬ್ಬ ಚಂದ್ರಾಮಪ್ಪ ಇದ್ದಾನೆ. ಇವತ್ತೇ ಇಳಿದು ಹೋಗಿ ಪಂಪಿನ ಕೋಣೆ ನೋಡಿ. ಮೀಟರಿನ ಮುಳ್ಳು ಶುದ್ಧವಿದ್ದಾಗಿನ ಗುರುತಿಗಿಂತ ಎಂಟು ಹತ್ತು ಅಂಕೆ ಏರಿದ್ದರೆ ಬ್ಯಾಕ್‌ವಾಷ್ ಮಾಡಿಸಿ. ತೀರ ಇಳಿದಿದ್ದರೆ ಪಂಪಿನ ಬುಟ್ಟಿಯಲ್ಲಿ ಕಸ ಕಟ್ಟಿದೆಯೇ, ಅದರ ಮುಚ್ಚಳದಲ್ಲಿ ಗಾಳಿ ನುಗ್ಗುತ್ತಿದೆಯೇ ನೋಡಿಸಿ. ಮೈ ಜುಂ ಎಂದರೆ ಮೇನ್ ಆರಿಸಿ, ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಯಾರೂ ಮುಟ್ಟಬೇಡಿ. ಪೂಜೆ ಮಾಡಿ, ಬೇಡ ಎನ್ನುವವರಿಲ್ಲ. ಗಾಜು ಬಿಟ್ಟು ಮಾಡಿ. ನಿಮ್ಮ ಮಕ್ಕಳು ಈಜಲೆಂದು ಇನ್ನೊಬ್ಬರ ಮಕ್ಕಳ ಅಪ್ಪನನ್ನು ಒದ್ದೆ ನೆಲದ ಮೇಲೆ ನಿಲ್ಲಿಸಬೇಡಿ.