ಮುಂದಿನವನ ಕೈ

ಕೊಕ್ಕರೆ ಇದೆ, ಬಲಗಡೆ ಗದ್ದೆಯ ನೀರಿನಲ್ಲಿ, ಒಂಟಿ ಕಾಲಿನ ಮೇಲೆ, ಬೆಳ್ಳಗೆ — ನೋಡೋಣವೆಂದು ಕಣ್ಣು ಹೊರಳಿಸಿದರೆ ಇಲ್ಲ, ಅದಿದ್ದ ಜಾಗದಲ್ಲಿ ಒದ್ದೆ ಬೆರಳಿನಿಂದ ತಿಕ್ಕಿದಂತೆ ಒಂದು ಬೂದು ಮಚ್ಚೆ, ಮತ್ತೆ ದಾರಿಯ ಕಡೆ ತಿರುಗಿದೆನೋ ಇಲ್ಲವೋ ಅಲ್ಲೇ ಇದೆ, ಕಣ್ಣಂಚಿನಲ್ಲಿ ನಿಂತು ಅಣಕಿಸುತ್ತಿದೆ. ಬೇಡವೆಂದದ್ದು ಕಾಣುತ್ತದೆ, ಬೇಕೆಂದದ್ದು ಕಾಣುವುದಿಲ್ಲ, ಅರವತ್ತಮೂರನೆಯ ವಯಸ್ಸಿಗೆ ಈ ಕಣ್ಣು ಕಲಿತ ಬುದ್ಧಿ ಇದು, ಅಕ್ಕಿ ಗಿರಣಿಯಲ್ಲಿ ಮೂವತ್ತೆಂಟು ವರ್ಷ ಹಿಡಿ ಅಕ್ಕಿಯಲ್ಲಿ ನುಚ್ಚೆಷ್ಟು, ಕಪ್ಪುಕಾಳೆಷ್ಟು ಎಂದು ನಿಂತಲ್ಲೇ ಹೇಳುತ್ತಿದ್ದ ಕಣ್ಣು. ಮೇ ತಿಂಗಳು, ಗದ್ದೆಗಳಿಗೆಲ್ಲ ನೀರು ಬಿಟ್ಟಿದ್ದಾರೆ, ನೊವಾರಾ ಪಟ್ಟಣದಿಂದ ಈಚೆಗೆ ಬಯಲೆಲ್ಲ ನೀರು, ನೀರಿನೊಳಗೆ ಆಕಾಶ, ಎಡಗಡೆ ಕಾಲುವೆಯೂ ತುಂಬಿ ಹರಿಯುತ್ತಿದೆ, ಎಲ್ಲವೂ ಹೊಳೆಯುತ್ತದೆ, ಹೊಳೆಯದಿರುವುದು ಏರಿಯ ಮೇಲಿನ ಈ ಜಲ್ಲಿದಾರಿ ಒಂದೇ, ಅದಕ್ಕೇ ಇನ್ನೂ ಇದರ ಮೇಲೆ ಸೈಕಲ್ ತುಳಿಯುತ್ತಿದ್ದೇನೆ. ಚಕ್ರದ ಕೆಳಗೆ ಜಲ್ಲಿ ಕರಕರ ಎನ್ನುತ್ತದೆ, ಮುಂದೆ ಇನ್ನೊಂದು ಕರಕರ, ಅದು ಒತ್ತಾವಿಯೊ, ನೂರು ಕಿಲೋ ಭಾರ, ಅವನ ಕೆಳಗೆ ಜಲ್ಲಿ ಪುಡಿಯಾಗುವುದು ಕಿವಿಗೆ ಚೆನ್ನಾಗಿ ತಿಳಿಯುತ್ತದೆ, ಹಿಂದೆ ಮೂರನೆಯದು, ಹಗುರವಾದದ್ದು, ಅದರ ಮೇಲೆ ಗಮನ ಕೊಡಬಾರದು. ಒತ್ತಾವಿಯೊ ಬಲಕ್ಕೆ ಸರಿದರೆ ಸದ್ದೂ ಸರಿಯುತ್ತದೆ, ನಾನೂ ಸರಿಯುತ್ತೇನೆ, ಹೀಗೇ ಇಡೀ ಚಳಿಗಾಲ ಕಳೆದೆ. ನವೆಂಬರಿನಲ್ಲಿ ಕಣ್ಣಿನ ಡಾಕ್ಟರಮ್ಮ ಹೇಳಿದ್ದಳು, ನಡುವಿನ ನೋಟ ಹೋಗುತ್ತೆ, ಅಂಚಿಂದು ಉಳಿಯುತ್ತೆ, ಪೂರ್ತಿ ಕತ್ತಲೆ ಏನೂ ಆಗಲ್ಲ, ಕಾರು ಮಾತ್ರ ಓಡಿಸ್ಬೇಡಿ. ಸೈಕಲ್ಲಿನ ಮಾತು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮುಂದಿನವನ ಕೈ ಹಿಂದಿನವನ ಕಣ್ಣು, ಒತ್ತಾವಿಯೊನ ವೇದವಾಕ್ಯ, ಹನ್ನೊಂದು ವರ್ಷದಿಂದ ಪ್ರತಿ ಶನಿವಾರ ಸೈಕಲ್ ಹತ್ತುವ ಮುಂಚೆ ಬಾರಿನ ಬಾಗಿಲಲ್ಲಿ ಕಾಫಿ ಕುಡಿಯುತ್ತಾ ಹೇಳುತ್ತಾನೆ, ಕೂಗಾಡೋದು ಹೊಸಬರ ಲಕ್ಷಣ ಕಣ್ರೋ, ಜಲ್ಲಿ ಮೇಲೆ ಕೂಗಿದ್ರೆ ಯಾವನಿಗೆ ಕೇಳುತ್ತೆ, ಕೈ ತೋರ್ಸಿ. ಗುಂಡಿ ಬಂದರೆ ಮುಂದಿನವನು ಆ ಬದಿಯ ಕೈಯನ್ನು ತೊಡೆಯ ಪಕ್ಕಕ್ಕೆ ಇಳಿಸಿ ಬೆರಳಿನಿಂದ ನೆಲ ತೋರಿಸಬೇಕು, ಅದನ್ನು ನೋಡಿದವನು ತಾನೂ ತನ್ನ ಹಿಂದಿನವನಿಗೆ ತೋರಿಸಬೇಕು, ನಿಲ್ಲಬೇಕೆಂದರೆ ಕೈ ತಲೆಯ ಮೇಲೆ. ಇಷ್ಟೇ, ಮಗುವಿಗೂ ಬರುತ್ತದೆ. ಮಾರ್ಚ್ ಕೊನೆಯ ಶನಿವಾರ, ಕಾಲುವೆಗೆ ಇನ್ನೂ ನೀರು ಬಿಟ್ಟಿರಲಿಲ್ಲ, ಹೂಳೆತ್ತಿ ತಳದ ಕಲ್ಲೆಲ್ಲ ಬಿಸಿಲಿಗೆ ಒಣಗಿತ್ತು, ಮುಂದೆ ಒತ್ತಾವಿಯೊ, ನಡುವೆ ನಾನು, ಹಿಂದೆ ಗೌದೆನ್ಸಿಯೊ, ಯಾವಾಗಲೂ ಒಂದು ಗೇಣು ಎಡಕ್ಕೆ ಬರುವ ಗೌದೆನ್ಸಿಯೊ, ಕಾಲುವೆ ಒಳಗೆ ಏನು ಬಿದ್ದಿದೆ ಎಂದು ಬಗ್ಗಿ ನೋಡುವ ಚಟ ಅವನಿಗೆ. ತೂಬಿನ ಹತ್ತಿರ ನೂತ್ರಿಯಾ ಏರಿಯನ್ನು ಒಳಗಿಂದ ಕೊರೆದಿತ್ತು, ಆ ಕಿತ್ತಳೆ ಹಲ್ಲಿನ ದರಿದ್ರ ನೀರುಹೆಗ್ಗಣ, ಮೇಲೆ ಹಿಡಿಯಷ್ಟು ಮಣ್ಣು, ಕೆಳಗೆ ಪೊಳ್ಳು. ಒತ್ತಾವಿಯೊ ನೋಡಿದ, ಕೈ ಇಳಿಸಿದ, ಇಳಿಸಿಯೇ ಇಳಿಸಿದ್ದೆ ಎಂದು ದೇವಮಾತೆಯ ಹೆಸರಿನಲ್ಲಿ ಆಣೆಯಿಟ್ಟು ಹೇಳುತ್ತಾನೆ, ಆ ಕೈ ನನ್ನ ಬೂದು ಮಚ್ಚೆಯ ಒಳಗೆ ಇಳಿದು ಮಚ್ಚೆಯ ಒಳಗೇ ಮೇಲಕ್ಕೆ ಹೋಯಿತು. ನಾನು ಅವನ ಚಕ್ರದ ಸದ್ದು ಹಿಡಿದು ಬಲಕ್ಕೆ ಸರಿದೆ, ದಾಟಿದೆ, ಹ್ಯಾಂಡಲ್ ಬಿಟ್ಟು ಹಿಂದಿನವನಿಗೆ ಕೈ ತೋರಿಸಲಿಲ್ಲ, ಹಿಂದಿನ ಕರಕರ ನಿಂತಿತು, ಕೂಗೂ ಇಲ್ಲ, ಆಮೇಲೆ ಕಲ್ಲಿನ ಮೇಲೆ ಸೈಕಲ್ ಬಿದ್ದ ಸದ್ದು. ಕಾಲುವೆಗೆ ನೀರು ಬಂದದ್ದು ಒಂಬತ್ತು ದಿನ ಕಳೆದ ಮೇಲೆ, ಅಂದೇ ಬಂದಿದ್ದರೆ ಒದ್ದೆಯಾಗಿ, ಬಯ್ದುಕೊಂಡು, ಎದ್ದು ಬರುತ್ತಿದ್ದ.

ಅವನಿಗೆ ಕತ್ತಿನ ಕೆಳಗೆ ಏನೂ ಇಲ್ಲವಂತೆ, ಮೈಯಿದೆ, ಆದರೆ ಅವನ ಮಾತು ಕೇಳುವುದಿಲ್ಲವಂತೆ. ಗೌದೆನ್ಸಿಯೊ ಕ್ಷೌರಿಕ, ಚರ್ಚಿನ ಎದುರಿನ ಅಂಗಡಿಯಲ್ಲಿ ನಲವತ್ತು ವರ್ಷ ನನ್ನ ಕೂದಲು ಕತ್ತರಿಸಿದವನು, ನನ್ನ ಕೂದಲು ಕರ್ರಗಿದ್ದದ್ದೂ ಬೆಳ್ಳಗಾದದ್ದೂ ಉದುರಿದ್ದೂ ನನಗಿಂತ ಅವನಿಗೇ ಚೆನ್ನಾಗಿ ಗೊತ್ತು, ಕತ್ತರಿ ಆಡಿಸುತ್ತಲೇ ಎಡಗೈಯ ಎರಡು ಬೆರಳು ಕಿವಿಯ ಹಿಂದಿಟ್ಟು ತಲೆಯನ್ನು ಹೀಗೆ ತಿರುಗಿಸುತ್ತಿದ್ದ, ನೆಟ್ಟಗೆ ಕೂತ್ಕೊಳ್ಳೋ, ಗೂಬೆ ಥರ ತಿರುಗ್ಬೇಡ. ಈಗ ಆ ಕೈ ಬಿಳಿ ಹೊದಿಕೆಯ ಮೇಲೆ ಯಾರೋ ಇಟ್ಟು ಹೋದ ಕಡೆ ಇದೆ. ಆಸ್ಪತ್ರೆಗೆ ಹೋದೆ, ಹೋಗದೆ ಇರುವುದು ಹೇಗೆ, ಮಂಚದ ಆಚೆ ಅವನ ಮಗಳು ಓರ್ಸೊಲಾ ಕೂತಿದ್ದಳು, ಸ್ಕೂಲಿನಲ್ಲಿ ನಾಲ್ಕನೆಯ ತರಗತಿಗೆ ಪಾಠ ಹೇಳುವವಳು, ಅಪ್ಪನಿಗೆ ಸ್ಟ್ರಾದಲ್ಲಿ ನೀರು ಕುಡಿಸುತ್ತಿದ್ದಳು, ಅವನು ಕುಡಿದು ಕೇಳಿದ, ಇವಾನೊ, ಬಂದ್ಯಾ, ಒಂದು ಮಾತು ಹೇಳು, ಬೆಳಗಿಂದ ಇದೇ ಯೋಚ್ನೆ ನಂಗೆ, ನೀನು ಕೈ ತೋರ್ಸಿರ್ತೀಯ ಅಲ್ವೇನೋ, ನಾನೇ ಎಲ್ಲೋ ನೋಡ್ತಿದ್ದೆ. ನಾನು ಕಿಟಕಿಯ ಕಡೆ ನೋಡಿದೆ, ಕಿಟಕಿಯ ಕಡೆ ನೋಡಿದರೇ ಅವನ ಮುಖ ಕಾಣುವುದು, ಕಂಡಿತು, ನಂಬಿಕೆಯಿಂದ ಕಾಯುತ್ತಿತ್ತು. ತೋರ್ಸಿದ್ದೆ, ಎಂದೆ. ಒಂದೇ ಮಾತು. ಅವನು ನಕ್ಕ, ನೋಡ್ದ್ಯಾ ಓರ್ಸೊಲಾ, ನಾನು ಹೇಳ್ಲಿಲ್ವಾ, ನನ್ನದೇ ದಡ್ಡತನ. ಆಮೇಲೆ ಸರಿಪಡಿಸಬಹುದು ಎಂದುಕೊಂಡಿದ್ದೆ, ನಾಳೆ, ಮುಂದಿನ ಭಾನುವಾರ, ಅವನು ಸ್ವಲ್ಪ ಚೇತರಿಸಿಕೊಳ್ಳಲಿ, ಆದರೆ ಅವನು ಚೇತರಿಸಿಕೊಳ್ಳುವುದಿಲ್ಲ, ಅದಂತೂ ಎಲ್ಲರಿಗೂ ಗೊತ್ತು, ನಾನು ಯಾವುದಕ್ಕೆ ಕಾಯುತ್ತಿದ್ದೆನೋ ಅದು ಬರುವಂಥದ್ದೇ ಅಲ್ಲ. ನಾಲಿಗೆ ಹೊರಳಲಿಲ್ಲ ಎಂದೂ ಹೇಳುವ ಹಾಗಿಲ್ಲ, ಚೆನ್ನಾಗಿಯೇ ಹೊರಳಿತು. ಕಣ್ಣಿನ ವಿಷಯ ಹೇಳಿಬಿಟ್ಟರೆ ಶನಿವಾರ ಇಲ್ಲ, ಜಲ್ಲಿ ಇಲ್ಲ, ಅಡಿಗೆಮನೆಯ ಕುರ್ಚಿ, ರೇಡಿಯೊ, ಪಕ್ಕದ ಮನೆಯವರು ತಂದುಕೊಡುವ ಸೂಪು — ಛೀ, ಅವನು ಕೈಕಾಲಿನ ಸ್ವಾಧೀನ ಕಳೆದುಕೊಂಡು ಮಲಗಿದ್ದಾನೆ, ನಾನು ಕುರ್ಚಿಗೆ ಹೆದರುತ್ತೇನೆ.

ಹಿಂದೆ ಬರುತ್ತಿರುವುದು ಓರ್ಸೊಲಾ, ಅಪ್ಪನ ಸೈಕಲ್ ಮೇಲೆ. ಮುಂಚಕ್ರ ಹಿಡಿಯುವ ಫೋರ್ಕನ್ನು ಹೊಸದಾಗಿ ಹಾಕಿಸಿದ್ದಾಳೆ, ಸೀಟು ಇಳಿಸಿದ್ದಾಳೆ, ಉಳಿದದ್ದೆಲ್ಲ ಅವನದೇ, ಆ ಸರಪಳಿಯ ಸಣ್ಣ ಟಿಕಟಿಕ ಸಮೇತ. ಬೆಳಿಗ್ಗೆ ಬಾರಿನ ಮುಂದೆ ಬಂದು ನಿಂತಳು, ಆ ಜಾಗ ನೋಡ್ಬೇಕು ಮಾಮ, ಅಪ್ಪಂಗೆ ನಾನು ಹೋಗಿ ಬಂದು ಹೇಳ್ಬೇಕಂತೆ, ಇವಾನೊ ಹಿಂದೇನೇ ಇರು, ಅವನ ಕೈ ನೋಡ್ಕೊಂಡು ಬಾ, ನನ್ನ ಥರ ಮಾಡ್ಬೇಡ ಅಂದ್ರು. ಒತ್ತಾವಿಯೊ ನಕ್ಕು ನನ್ನ ಬೆನ್ನಿಗೆ ಒಂದು ಗುದ್ದಿ, ಕೇಳಿದ್ಯೇನೋ, ಮರ್ಯಾದೆ ಉಳಿಸ್ಕೋ ಎಂದ. ತಲೆನೋವು ಎನ್ನಬಹುದಿತ್ತು, ಚಕ್ರ ಪಂಕ್ಚರ್ ಎನ್ನಬಹುದಿತ್ತು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತದೆ ಎಂದು ಸುಮ್ಮನೆ ಹತ್ತಿದೆ. ಈಗ ಹತ್ತು ಮಾರಿಗೊಮ್ಮೆ ಕೈ ಇಳಿಸುತ್ತಿದ್ದೇನೆ, ಗುಂಡಿ ಇರಲಿ ಇಲ್ಲದಿರಲಿ, ಎಡಕ್ಕೊಮ್ಮೆ, ಬಲಕ್ಕೊಮ್ಮೆ, ನೆಲ ತೋರಿಸುತ್ತೇನೆ, ಇಡೀ ದಾರಿಯನ್ನೇ ಗುಂಡಿ ಎಂದು ತೋರಿಸಿಬಿಟ್ಟರೆ ತಪ್ಪುವುದಕ್ಕೆ ಏನು ಉಳಿಯಿತು. ಪಾಪ್ಲರ್ ಮರಗಳ ಅರಳೆ ಹಾರಿ ಬಂದು ಬಾಯಿಗೆ ಅಂಟುತ್ತದೆ, ದಾರಿಯ ಮೇಲೂ ಹಾಸಿದೆ, ಹಿಂದಿನಿಂದ ಅವಳ ನಗು, ಇವಾನೊ ಮಾಮ, ಇಲ್ಲೇನೂ ಇಲ್ವಲ್ಲ, ನೆಲ ನುಣ್ಣಗಿದೆ! ಇದ್ರೆ ಅಂತ, ಎಂದೆ. ಅಪ್ಪ ಸರಿಯಾಗೇ ಹೇಳಿದ್ರು, ನಿಮ್ಮಷ್ಟು ಜೋಪಾನ ಯಾರೂ ಇಲ್ಲ ಅಂತ — ಕಣ್ಣಲ್ಲಿ ನೀರು ಬಂತು, ನೀರು ಬಂದರೆ ಅಂಚೂ ಹೋಗುತ್ತದೆ, ಒರೆಸಲು ಕೈಯಿಲ್ಲ, ಒಂದು ಹ್ಯಾಂಡಲಿನ ಮೇಲೆ, ಇನ್ನೊಂದು ಸುಳ್ಳು ಗುಂಡಿ ತೋರಿಸುವುದರಲ್ಲಿದೆ.

ತೂಬಿನ ಸದ್ದು, ದೂರದಲ್ಲಿ, ಮೊದಲು ಜೇನಿನ ಹಾಗೆ, ಆಮೇಲೆ ಗಿರಣಿಯ ಹಾಗೆ. ಮಾರ್ಚಿನಲ್ಲಿ ಈ ತೂಬು ಮೂಕವಾಗಿತ್ತು, ಈಗ ಬಾಯಿ ತೆರೆದು ಸುರಿಯುತ್ತಿದೆ, ಒತ್ತಾವಿಯೊನ ಕರಕರ ತೆಳ್ಳಗಾಗುತ್ತದೆ, ಇದೆ, ಇಲ್ಲ, ಇದೆ, ನೀರು ಅದನ್ನು ನುಂಗಿತು, ನನ್ನ ಚಕ್ರದ ಸದ್ದೂ ನನಗೆ ಕೇಳುವುದಿಲ್ಲ, ನಿಲ್ಲಬೇಕು, ನಿಂತರೆ ಏಕೆ ನಿಂತೆ ಎನ್ನುತ್ತಾರೆ, ಬ್ರೇಕಿನ ಮೇಲೆ ಬೆರಳು, ಇನ್ನೊಂದು ಹತ್ತು ಮಾರು, ದಾರಿ ನೆಟ್ಟಗಿದೆ, ಹನ್ನೊಂದು ವರ್ಷದ ದಾರಿ — ಮಚ್ಚೆಯೊಳಗಿಂದ ಗೋಡೆಯಂಥದ್ದು ಬಂದು ಎದೆಗೆ ಹೊಡೆಯಿತು, ಹ್ಯಾಂಡಲ್ ಹೊಟ್ಟೆಗೆ ಚುಚ್ಚಿತು, ನಾನು ಜಲ್ಲಿಯ ಮೇಲೆ, ಮಂಡಿ ಸುಲಿದಿದೆ, ಒತ್ತಾವಿಯೊ ತನ್ನ ಸೈಕಲ್ಲಿನ ಸಮೇತ ಮುಗ್ಗರಿಸಿ ನಿಂತು ಕೂಗುತ್ತಿದ್ದಾನೆ, ಕಣ್ಣೇನು ಜೇಬಲ್ಲಿಟ್ಕೊಂಡಿದ್ದೀಯೇನೋ ಕತ್ತೆ, ಜಾಗ ಬಂತು ಅಂತ ಕೈ ಎತ್ತಿದ್ನಲ್ಲ, ಗಂಟೆಗೋಪುರದಷ್ಟು ಎತ್ತರಕ್ಕೆ ಎತ್ತಿದ್ನಲ್ಲ! ಬಿಸಿಲು ಕಣ್ಣಿಗೆ ಹೊಡೀತು, ಎಂದೆ. ಬಿಸಿಲು ನಿನ್ನ ಬೆನ್ನಿಗಿದ್ಯಲ್ಲೋ, ಎಂದು ಅವನು ನಕ್ಕ, ಅವನು ಅಷ್ಟಕ್ಕೆ ಮರೆಯುವವನು, ತನ್ನ ಬಾಗಿದ ಹಿಂಚಕ್ರ ನೋಡುವುದಕ್ಕೆ ಬಗ್ಗಿದ. ಓರ್ಸೊಲಾ ನಗಲಿಲ್ಲ. ಹತ್ತಿರ ಬಂದು ನನ್ನ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು, ಅವಳ ಮುಖ ನೋಡುವುದಕ್ಕೆ ನಾನು ಗದ್ದೆಯ ಕಡೆ ತಿರುಗಿದೆ, ತಿರುಗಿದ ಮೇಲೆ ತಿಳಿಯಿತು ತಿರುಗಬಾರದಿತ್ತು ಎಂದು, ತರಗತಿಯಲ್ಲಿ ಮೂವತ್ತು ಮಕ್ಕಳ ಕಣ್ಣು ಎಲ್ಲಿದೆ ಎಂದು ಗಮನಿಸುವವಳು ಅವಳು. ಮಾಮ, ನನ್ನ ನೋಡಿ. ನೋಡ್ತಿದ್ದೀನಮ್ಮ. ಇಲ್ಲ, ಆಸ್ಪತ್ರೇಲೂ ನೀವು ಕಿಟಕಿ ನೋಡಿದ್ರಿ. ತೂಬು ಸುರಿಯುತ್ತಲೇ ಇತ್ತು. ಯಾವಾಗಿಂದ? ಎಂದಳು. ನವೆಂಬರಿಂದ, ಎಂದೆ, ಇಷ್ಟು ದಿನ ಬಚ್ಚಿಟ್ಟಿದ್ದದ್ದು ಎಷ್ಟು ಹಗುರವಾಗಿ ಬಂತು, ಇಷ್ಟೇ ಇತ್ತೇ, ಇಷ್ಟೇ ಆಗಿದ್ದರೆ ಜನವರಿಯಲ್ಲೇ ಹೇಳಬಹುದಿತ್ತಲ್ಲ. ಅಪ್ಪ ಬಿದ್ದಿದ್ದು ಮಾರ್ಚಲ್ಲಿ, ಎಂದಳು ಓರ್ಸೊಲಾ, ಲೆಕ್ಕದ ಉತ್ತರ ಹೇಳಿದ ಹಾಗೆ.

ಬಯ್ಯಲಿಲ್ಲ, ಹೊಡೆಯಲಿಲ್ಲ, ಒಂದು ಏಟು ಹೊಡೆದಿದ್ದರೆ ಅದನ್ನು ಹಿಡಿದುಕೊಂಡು ಉಳಿದ ದಿನ ಕಳೆಯುತ್ತಿದ್ದೆ. ನನ್ನ ಮಂಡಿಯ ರಕ್ತ ಬಾಟಲಿಯ ನೀರಿನಿಂದ ತೊಳೆದಳು, ಒತ್ತಾವಿಯೊನಿಗೆ, ಮಾಮನ ಮಂಡಿ ಊದಿದೆ, ಇಲ್ಲಿಂದಲೇ ವಾಪಸ್ ಹೋಗೋಣ ಎಂದಳು, ಅವನು ಬಾಗಿದ ಚಕ್ರದ ಸೈಕಲ್ ಎಳೆದುಕೊಂಡು ಹತ್ತಿರದ ತೋಟದ ಮನೆಗೆ ನಡೆದ. ನೀವು ನನ್ನ ಹಿಂದೆ ಬನ್ನಿ, ಎಂದಳು ನನಗೆ. ಅಪ್ಪಂಗೆ ಹೇಳ್ತೀಯಾ, ಎಂದು ಕೇಳಿದೆ, ಕೇಳಬಾರದಿತ್ತು, ಅದನ್ನೂ ಕೇಳಿಬಿಟ್ಟೆ. ಅವಳು ಸೈಕಲ್ ಹತ್ತಿದಳು, ಒಂದು ಕಾಲು ನೆಲದ ಮೇಲೇ ಇತ್ತು. ಅಪ್ಪ ಒಂದೇ ಮಾತು ಕೇಳೋದು ಮಾಮ, ದಿನಾ, ಊಟ ಮಾಡಿಸ್ವಾಗ, ಮೈ ಒರೆಸ್ವಾಗ, ಇವಾನೊ ತೋರ್ಸಿದ್ನಲ್ಲ, ನಾನ್ಯಾಕೆ ನೋಡ್ಲಿಲ್ಲ ಅಂತ. ಈಗ ನಾನು ಏನಂತ ಹೇಳ್ಲಿ, ನೀವೇ ಹೇಳ್ಕೊಡಿ. ನಿಜ ಹೇಳಿದರೆ ಅವನಿಗೆ ನಲವತ್ತು ವರ್ಷದ ಗೆಳೆಯನೂ ಹೋಗುತ್ತಾನೆ, ಹೇಳದಿದ್ದರೆ ತನ್ನನ್ನೇ ಬಯ್ದುಕೊಳ್ಳುತ್ತಾ ಸಾಯುತ್ತಾನೆ. ಬಿಸಿಲು ಈಗ ನಿಜವಾಗಿಯೂ ಕಣ್ಣಿಗೆ ಹೊಡೆಯುತ್ತಿದೆ. ಮುಂದೆ ಹಗುರವಾದ ಕರಕರ, ಸರಪಳಿಯ ಟಿಕಟಿಕ, ಗೌದೆನ್ಸಿಯೊನ ಸೈಕಲ್ ಮೊದಲ ಸಲ ನನ್ನ ಮುಂದಿದೆ, ಅವಳು ಕೈ ತೋರಿಸುವುದಿಲ್ಲ, ಜೋರಾಗಿ ಹೇಳುತ್ತಾಳೆ, ಒತ್ತಾವಿಯೊ ಕೇಳಿದ್ದರೆ ನಗುತ್ತಿದ್ದ, ಮಕ್ಕಳಿಗೆ ಉಕ್ತಲೇಖನ ಹೇಳುವ ದನಿ, ಒಂದೊಂದೇ ಪದ, ಬಿಡಿಸಿ, ಸಿಟ್ಟಿಲ್ಲದೆ. ಗುಂಡಿ, ಎಡಕ್ಕೆ. ಕಲ್ಲು, ಬಲಕ್ಕೆ. ಗುಂಡಿ, ಎಡಕ್ಕೆ. ನಾನು ಸರಿಯುತ್ತೇನೆ, ಕೊಕ್ಕರೆ ಅಂಚಿನಲ್ಲಿ ಬಂತು, ಹೋಯಿತು, ಗುಂಡಿ, ಎಡಕ್ಕೆ, ನನ್ನ ಎಡಗೈ ಹ್ಯಾಂಡಲ್ ಬಿಟ್ಟು ತಾನಾಗಿ ಇಳಿಯುತ್ತದೆ, ತೊಡೆಯ ಪಕ್ಕಕ್ಕೆ, ಬೆರಳು ನೆಲಕ್ಕೆ, ಸರಿಯಾದ ಗುಂಡಿಗೆ, ಸರಿಯಾದ ಹೊತ್ತಿಗೆ, ಹಿಂದೆ ಯಾರೂ ಇಲ್ಲ, ಜಲ್ಲಿಯ ಸದ್ದೂ ಇಲ್ಲ, ಹೊದಿಕೆಯ ಮೇಲೆ ಯಾರೋ ಇಟ್ಟು ಹೋದ ಆ ಕೈ, ಗುಂಡಿ, ಎಡಕ್ಕೆ, ನನ್ನ ಕೈ ಇಳಿಯುತ್ತದೆ, ಹಿಂದೆ ಯಾರೂ ಇಲ್ಲ, ಇಳಿಯುತ್ತದೆ, ಬೆರಳು ನೆಲಕ್ಕೆ