ಸ್ಟಿಕ್ಕರಿನ ಕೆಳಗಿನ ಬಣ್ಣ

ಕಾರಿನ ಎಡಗಡೆ ಹಿಂಬಾಗಿಲ ಕೆಳತುದಿಯಲ್ಲಿ ನಾಲ್ಕು ಗುಳ್ಳೆ ಎದ್ದಿದ್ದವು, ಸುಟ್ಟ ಕೈಯ ಮೇಲೆ ಏಳುತ್ತವಲ್ಲ, ಅಂಥವೇ. ಒಂದನ್ನು ಉಗುರಿನಿಂದ ಮುಟ್ಟಿದರೆ ಬಣ್ಣ ಚಕ್ಕೆಯಾಗಿ ಕೈಗೇ ಬಂತು. ಒಳಗೆ ಕಂದು ತುಕ್ಕು. ಕಾರಿಗೆ ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ತುಕ್ಕು ಹಿಡಿದರೆ ಆರು ವರ್ಷದವರೆಗೆ ಕಂಪನಿಯೇ ಸರಿಮಾಡಿಕೊಡುತ್ತದೆ ಎಂದು ವಾರಂಟಿ ಪುಸ್ತಕದ ಹದಿನೇಳನೆಯ ಪುಟದಲ್ಲಿ ಅಚ್ಚಾಗಿತ್ತು. ಆ ಪುಟಕ್ಕೊಂದು ಚೀಟಿ ಸಿಕ್ಕಿಸಿಕೊಂಡು ತಕ್ಕಡಿಯಮ್ಮ ಸರ್ವಿಸ್ ಸೆಂಟರಿಗೆ ಹೋದಳು.

ತಕ್ಕಡಿಯಮ್ಮ ಎಂಬುದು ಪೇಟೆಯವರು ಇಟ್ಟ ಹೆಸರು. ಮೂವತ್ತೊಂದು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವಳು. ಅಂಗಡಿ ಅಂಗಡಿಯ ಮೆಟ್ಟಿಲು ಹತ್ತಿಳಿದು, ತಕ್ಕಡಿ ಸರಿಯಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ಅಂಗಡಿಯವನ ಬೆವರಿಳಿಸುವುದು, ಇದೇ ಆಕೆಯ ಬದುಕು. ಯಾರಾದರೂ ಆಣೆ ಪ್ರಮಾಣಕ್ಕೆ ಶುರುವಿಟ್ಟರೆ "ನೀವು ಸುಮ್ನಿರಿ, ಅದೇ ಹೇಳ್ಲಿ" ಎಂದು ತಕ್ಕಡಿಯ ಕಡೆ ಕೈ ತೋರಿಸುತ್ತಿದ್ದಳು. ಮನುಷ್ಯರ ನಾಲಿಗೆಗಿಂತ ತಕ್ಕಡಿಯ ಮುಳ್ಳು ಮೇಲು ಎಂದು ಬಲವಾಗಿ ನಂಬಿದ್ದಳು. ಇನ್ನೊಂದು ಹಟವೂ ಇತ್ತು. ತಾರೀಖಿಲ್ಲದ ಸಹಿ ಆಕೆಯ ಲೆಕ್ಕದಲ್ಲಿ ಸಹಿಯೇ ಅಲ್ಲ. ನಿವೃತ್ತಿಯಾದ ಮೇಲೂ ಕೊರಿಯರ್‌ನವನ ಕೈಯಲ್ಲಿ ತಾರೀಖು ಬರೆಸದೆ ಕಳಿಸುತ್ತಿರಲಿಲ್ಲ.

ಸರ್ವಿಸ್ ಸೆಂಟರಿನಲ್ಲಿ ಗಾಜಿನ ಮೇಜುಗಳು, ತಣ್ಣಗಿನ ಗಾಳಿ, ಗೋಡೆಯ ಮೇಲೆ ನಗುನಗುತ್ತಿರುವ ಸಂಸಾರಗಳ ದೊಡ್ಡ ದೊಡ್ಡ ಫೋಟೋ. ಟೈ ಕಟ್ಟಿದ ಸಲಹೆಗಾರನೊಬ್ಬ ಬಂದು ಗುಳ್ಳೆಗಳನ್ನು ನೋಡಿದ. ಜೇಬಿನಿಂದ ಬೆಂಕಿಪೊಟ್ಟಣದಷ್ಟು ದಪ್ಪದ ಒಂದು ಮೀಟರ್ ತೆಗೆದು ಬಾಗಿಲಿಗೆ ಒತ್ತಿದ. ಬಣ್ಣ ಎಷ್ಟು ದಪ್ಪ ಇದೆ ಎಂದು ತೋರಿಸುವ ಮೀಟರ್ ಅದು.

"ಮುನ್ನೂರ ಹತ್ತು ಮೈಕ್ರಾನ್," ಎಂದ. "ಫ್ಯಾಕ್ಟರಿ ಬಣ್ಣ ನೂರಿಪ್ಪತ್ತು ದಾಟಲ್ಲ ಮೇಡಂ. ಈ ಬಾಗಿಲಿಗೆ ಹೊರಗಡೆ ಯಾರೋ ಬಣ್ಣ ಹೊಡೆದಿದ್ದಾರೆ. ಹೊರಗೆ ಮಾಡಿಸಿದ್ರೆ ವಾರಂಟಿ ಬರಲ್ಲ."

"ಯಾರೂ ಹೊಡೆದಿಲ್ಲ. ಇದಕ್ಕೆ ಒಂದು ಗೀರೂ ಆಗಿಲ್ಲ."

ಸಲಹೆಗಾರ ನಕ್ಕ. ಆ ನಗುವನ್ನು ತಕ್ಕಡಿಯಮ್ಮ ಗುರುತು ಹಿಡಿದಳು. ಅಂಗಡಿಯವರು ಆಣೆ ಹಾಕುವಾಗ ಮೂವತ್ತೊಂದು ವರ್ಷ ಆಕೆಯೇ ನಕ್ಕ ನಗು ಅದು. ಮೈಯೆಲ್ಲ ಉರಿದುಹೋಯಿತು.

"ನಿಮ್ಮ ಮೀಟರ್ ಸರಿಯಿದೆ ಅಂತ ಯಾರು ಹೇಳಿದ್ದು? ಸೊನ್ನೆ ತೋರಿಸಿ ಮೊದಲು."

ಆತ ಬಣ್ಣವಿಲ್ಲದ ಒಂದು ತಗಡಿನ ತುಂಡು ತಂದು ಅದರ ಮೇಲಿಟ್ಟ. ಸೊನ್ನೆ. ಉಳಿದ ಮೂರು ಬಾಗಿಲುಗಳಲ್ಲಿ ನೂರ ಹನ್ನೆರಡು, ನೂರ ಹದಿನೈದು, ನೂರ ಹದಿನೆಂಟು. ಬಾನೆಟ್ಟಿನ ಮೇಲೆ ನೂರ ಹದಿನಾಲ್ಕು. ಮತ್ತೆ ಎಡಗಡೆ ಹಿಂಬಾಗಿಲಿಗೆ ಬಂದರೆ ಮುನ್ನೂರ ಹತ್ತು. ಮೀಟರ್ ಸರಿಯಿತ್ತು.

ಸಲಹೆಗಾರ ಕಂಪ್ಯೂಟರಿನಲ್ಲಿ ಟಕಟಕ ಹೊಡೆದು ಒಂದು ಕಾಗದ ಕೊಟ್ಟ. "ಹೊರಗಡೆ ರಿಪೇರಿ ಮಾಡಿಸಲಾಗಿದೆ. ಗ್ರಾಹಕರು ಮಾಹಿತಿ ಮುಚ್ಚಿಟ್ಟಿದ್ದಾರೆ. ಅರ್ಜಿ ತಿರಸ್ಕೃತ." ಮುಚ್ಚಿಟ್ಟಿದ್ದಾರಂತೆ! ಊರಿನ ಕಳ್ಳ ತೂಕವನ್ನೆಲ್ಲ ಬಯಲಿಗೆಳೆದವಳಿಗೆ ಮೀಸೆ ಚಿಗುರದ ಹುಡುಗನಿಂದ ಈ ಮಾತು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ತುರುಕಿಕೊಂಡು ಎದ್ದಳು.

ದಾರಿಯುದ್ದಕ್ಕೂ ತಲೆಯಲ್ಲಿ ಒಂದೇ ಲೆಕ್ಕ. ಮೀಟರ್ ಸುಳ್ಳು ಹೇಳುವುದಿಲ್ಲ. ತಾನೂ ಹೇಳಿಲ್ಲ. ಕಾರು ಓಡಿಸುವವರು ಇಬ್ಬರೇ. ಉಳಿದವನು ತಮ್ಮ.

ಅಕ್ಕನಿಗೆ ಮದುವೆ ಬೇಕಿರಲಿಲ್ಲ, ತಮ್ಮನಿಗೆ ಹೆಂಡತಿ ಬಹಳ ದಿನ ಉಳಿಯಲಿಲ್ಲ. ಹೀಗಾಗಿ ಹನ್ನೆರಡು ವರ್ಷದಿಂದ ಇಬ್ಬರೂ ಒಂದೇ ಸೂರಿನ ಕೆಳಗಿದ್ದರು. ಮನೆಯ ಮುಂದಿನ ಕೋಣೆಯೇ ತಮ್ಮನ ಬೈಂಡಿಂಗ್ ಅಂಗಡಿ. ಅಲ್ಲಿ ಯಾವಾಗಲೂ ಅಂಟಿನ ವಾಸನೆ, ನೂಲಿನ ಉಂಡೆ, ಒತ್ತುಯಂತ್ರದಲ್ಲಿ ಸಿಕ್ಕಿಕೊಂಡು ಕೂತ ಪುಸ್ತಕಗಳು. ಕಟ್ಟಿದ ಪುಸ್ತಕಗಳನ್ನು ಪ್ರೆಸ್ಸಿಗೆ, ಶಾಲೆಗಳಿಗೆ ಆತ ಅಕ್ಕನ ಕಾರಿನಲ್ಲೇ ಮುಟ್ಟಿಸಿ ಬರುತ್ತಿದ್ದ. ಬಂಡಲುಗಳನ್ನು ಏರಿಸುತ್ತಿದ್ದುದು ಯಾವ ಬಾಗಿಲಿನಿಂದ? ಎಡಗಡೆ ಹಿಂಬಾಗಿಲಿನಿಂದ.

ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲಿ ನಿಂತು ಕೇಳಿದಳು. "ನಿಜ ಹೇಳು. ಎಲ್ಲಿ ಗುದ್ದಿದೆ? ಯಾವ ಗ್ಯಾರೇಜಲ್ಲಿ ಬಣ್ಣ ಹೊಡೆಸಿದೆ?"

ಹಾಳೆ ಮಡಿಸುತ್ತಿದ್ದ ತಮ್ಮ ತಲೆಯೆತ್ತಿದ. "ಏನು ಗುದ್ದಿದ್ದು ಅಕ್ಕ?"

"ನಾಟಕ ಬೇಡ ಕಣೋ. ಬಣ್ಣ ಅಳೆಯೋ ಮೀಟರು ಮುನ್ನೂರ ಹತ್ತು ತೋರಿಸ್ತಿದೆ. ನನ್ನ ಕಣ್ಣಾರೆ ನೋಡಿದೀನಿ."

"ನಾನು ಗುದ್ದಿಲ್ಲ. ಗುದ್ದಿದ್ರೆ ಹೇಳ್ತಿದ್ದೆ."

"ಅಪ್ಪನ ಗಡಿಯಾರ ಬೀಳಿಸಿ, ಅಂಟು ಹಾಕಿ, ಏನೂ ಆಗದ ಹಾಗೆ ಇಟ್ಟಿದ್ಯಲ್ಲ, ಅವತ್ತೂ ಹೇಳಿದ್ಯಾ? ಏಟು ತಿಂದವಳು ನಾನು."

ತಮ್ಮನಿಗೆ ಆಗ ಹನ್ನೊಂದು ವರ್ಷ, ಈಗ ಐವತ್ತೇಳು. ಕೈಯಲ್ಲಿದ್ದ ಹಾಳೆಯನ್ನು ಆತ ಪಕ್ಕಕ್ಕಿಟ್ಟ.

"ಮಷೀನು ಹೇಳಿದ್ದನ್ನ ನಂಬ್ತೀಯ. ನಾನು ಹೇಳಿದ್ದನ್ನ ನಂಬಲ್ಲ," ಎಂದ. ಸಿಟ್ಟು ಮಾಡಲಿಲ್ಲ, ಕೂಗಾಡಲಿಲ್ಲ. ಜೇಬಿನಿಂದ ಕಾರಿನ ಇನ್ನೊಂದು ಕೀಲಿ ತೆಗೆದು ಮೇಜಿನ ಮೇಲಿಟ್ಟು ಮತ್ತೆ ಹಾಳೆ ಮಡಿಸಲು ಕೂತ.

ಮರುದಿನದಿಂದ ಬಂಡಲುಗಳನ್ನು ಹೆಗಲಿಗೇರಿಸಿಕೊಂಡು ಬಸ್ಸಿನಲ್ಲಿ ಹೋಗತೊಡಗಿದ. ಊಟಕ್ಕೆ ಕರೆದರೆ "ನೀನು ಮಾಡು, ನನಗೆ ಕೆಲಸ ಇದೆ" ಎನ್ನುವುದು, ಆಕೆ ಎದ್ದ ಮೇಲೆ ಬಂದು ಒಬ್ಬನೇ ತಿನ್ನುವುದು. ಹನ್ನೆರಡು ವರ್ಷದಲ್ಲಿ ಹೀಗೆ ಒಂದು ಹೊತ್ತೂ ಆಗಿರಲಿಲ್ಲ. ತಕ್ಕಡಿಯಮ್ಮ ಬಡಿಸಿಕೊಂಡ ಅನ್ನವನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು. ಆದರೆ ಸೋಲಬೇಕಲ್ಲ! ತಪ್ಪು ಮಾಡಿದವನೇ ಮುನಿಸಿಕೊಂಡರೆ ಏನರ್ಥ ಎಂದು ಗೋಡೆಗೆ ಹೇಳಿಕೊಂಡು ಓಡಾಡಿದಳು. ಆರು ದಿನ ಹೀಗೇ ಹೋಯಿತು.

ಏಳನೆಯ ದಿನ ಮಧ್ಯಾಹ್ನ ನೆತ್ತಿ ಸುಡುವ ಬಿಸಿಲಿನಲ್ಲಿ ಹಳೆಯ ಭೂತಗನ್ನಡಿ ಹಿಡಿದು ಕಾರಿನ ಹತ್ತಿರ ಹೋದಳು. ತಮ್ಮನ ಸುಳ್ಳಿಗೆ ಸಾಕ್ಷಿ ಹುಡುಕಬೇಕಿತ್ತು. ಮತ್ತೆ ಬಣ್ಣ ಹೊಡೆದ ಕಡೆ ರಬ್ಬರಿನ ಮೇಲೆ ಹನಿ ಸಿಡಿದಿರುತ್ತದೆ, ಟೇಪು ಅಂಟಿಸಿದ ಗೆರೆ ಉಳಿದಿರುತ್ತದೆ ಎಂದು ಎಲ್ಲೋ ಕೇಳಿದ್ದಳು. ಎಡಗಡೆ ಹಿಂಬಾಗಿಲು ತೆರೆದು ಮಂಡಿಯೂರಿ ಕೂತು, ಅಂಚನ್ನು ಮೇಲಿನಿಂದ ಕೆಳಗೆ ಇಂಚಿಂಚಾಗಿ ನೋಡುತ್ತ ಬಂದಳು.

ಮಕ್ಕಳು ಒಳಗಿನಿಂದ ಬಾಗಿಲು ತೆರೆಯದಂತೆ ಮಾಡುವ ಸಣ್ಣ ಲಾಕಿನ ಪಕ್ಕದಲ್ಲಿ, ಬಾಗಿಲಿನ ಅಂಚಿನ ಮೇಲೆ ಒಂದು ಸ್ಟಿಕ್ಕರ್ ಇತ್ತು. ಅಂಚೆಚೀಟಿಯ ಎರಡರಷ್ಟು. "ಲಾಕ್ ಪರೀಕ್ಷಿಸಲಾಗಿದೆ" ಎಂದು ಅಚ್ಚು, ಶೋರೂಮಿನ ದುಂಡು ಮುದ್ರೆ, ಮೊಂಡು ಪೆನ್ನಿನಲ್ಲಿ ಯಾರದೋ ಸಹಿ. ಸಹಿಯ ಕೆಳಗೆ ತಾರೀಖು. ಕಾರು ಮನೆಗೆ ಬಂದ ದಿನದ ತಾರೀಖು.

ತಕ್ಕಡಿಯಮ್ಮ ಭೂತಗನ್ನಡಿಯನ್ನು ಇನ್ನಷ್ಟು ಹತ್ತಿರ ಹಿಡಿದಳು.

ಆಕೆಗೆ ಅದು ಸ್ಟಿಕ್ಕರಾಗಿ ಕಾಣಲೇ ಇಲ್ಲ, ಮುದ್ರೆಯಾಗಿ ಕಂಡಿತು. ಮುದ್ರೆಯ ಅಡಿಯಲ್ಲಿ ಏನಿದೆಯೋ ಅದು ಮುದ್ರೆ ಬೀಳುವ ಮುಂಚೆಯೇ ಇದ್ದದ್ದು. ಆ ಒಂದು ಮಾತಿನ ಮೇಲೆ ಮೂವತ್ತೊಂದು ವರ್ಷ ಸಂಬಳ ತಿಂದಿದ್ದಳು. ಕಾರು ಬಂದ ಮೇಲೆ ಯಾರಾದರೂ ಬಣ್ಣ ಹೊಡೆದಿದ್ದರೆ ಅದು ಸ್ಟಿಕ್ಕರಿನ ಮೇಲಿರಬೇಕಿತ್ತು, ಇಲ್ಲವೇ ಅದರ ಸುತ್ತ ಏರುತಗ್ಗಿನ ಗೆರೆ ಇರಬೇಕಿತ್ತು. ಎರಡೂ ಇಲ್ಲ. ಅಂದರೆ ಆ ದಪ್ಪ ಬಣ್ಣ ಸ್ಟಿಕ್ಕರಿನ ಕೆಳಗಿದೆ. ಅಂದರೆ ಮಾರುವ ಮುಂಚೆಯೇ ಬಳಿದದ್ದು. ಬಳಿದವರೇ ತನ್ನನ್ನು ಸುಳ್ಳುಗಾತಿ ಎಂದು ಬರೆದುಕೊಟ್ಟಿದ್ದಾರೆ!

ಪಿತ್ತ ನೆತ್ತಿಗೇರಿತು. ಸೀರೆಗೆ ಹತ್ತಿದ ಧೂಳನ್ನೂ ಕೊಡವಲಿಲ್ಲ. ನೇರ ಸರ್ವಿಸ್ ಸೆಂಟರಿಗೆ ಕಾರು ಬಿಟ್ಟಳು.

"ಮ್ಯಾನೇಜರನ್ನ ಕರೀರಿ," ಎಂದಳು ಟೈ ಕಟ್ಟಿದವನಿಗೆ. "ನಿಮ್ಮ ಬಣ್ಣದ ಮೇಸ್ತ್ರಿಯನ್ನೂ ಕರೀರಿ. ಮೀಟರೂ ತನ್ನಿ."

ಮ್ಯಾನೇಜರ್ ಕೈಯೊರೆಸಿಕೊಳ್ಳುತ್ತ ಬಂದ. ಬಣ್ಣದ ಮೇಸ್ತ್ರಿ ವಯಸ್ಸಾದವನು, ಉಗುರಿನ ಸಂದಿಯಲ್ಲೆಲ್ಲ ಬಿಳಿ ಪುಡಿ. ತಕ್ಕಡಿಯಮ್ಮ ಮೊದಲು ಎರಡೂ ಹಿಂಬಾಗಿಲುಗಳ ಮೇಲಿದ್ದ ಒಂದೇ ಬಗೆಯ ಸ್ಟಿಕ್ಕರ್‌ಗಳ ಫೋಟೋ ತೆಗೆಸಿದಳು. ಆಮೇಲೆ ಬಲಗಡೆಯ ಸ್ಟಿಕ್ಕರಿನ ಮೇಲೆ ಮೀಟರ್ ಇಡಿಸಿದಳು. ನೂರ ಎಪ್ಪತ್ತು. ಎಡಗಡೆಯ ಸ್ಟಿಕ್ಕರಿನ ಮೇಲೆ ಮುನ್ನೂರ ಅರವತ್ತೈದು.

"ಸ್ಟಿಕ್ಕರ್ ಎರಡೂ ಒಂದೇ ದಪ್ಪ. ಹೌದೋ ಅಲ್ವೋ? ಮತ್ತೆ ಇದರಡಿ ಇಷ್ಟು ದಪ್ಪ ಹೇಗೆ ಬಂತು?"

"ಸ್ಟಿಕ್ಕರ್ ಕಿತ್ತು, ಬಣ್ಣ ಹೊಡೆಸಿ, ಮತ್ತೆ ಅಂಟಿಸಿರಬಹುದಲ್ಲ ಮೇಡಂ," ಎಂದ ಮ್ಯಾನೇಜರ್.

"ಕೀಳಿ ನೋಡೋಣ. ನೀವೇ ಕೀಳಿ."

ಮೇಸ್ತ್ರಿ ಉಗುರು ಹಾಕಿ ಎಳೆದ. ಕಿತ್ತರೆ ಪುಡಿಪುಡಿಯಾಗುವ ಜಾತಿಯ ಸ್ಟಿಕ್ಕರ್ ಅದು. ಚೂರುಚೂರಾಗಿ ಆತನ ಬೆರಳಿಗೆ ಮೆತ್ತಿಕೊಂಡಿತು. ಕೆಳಗಿನ ಬಣ್ಣ ಉಳಿದ ಅಂಚಿನಷ್ಟೇ ನುಣುಪಾಗಿತ್ತು. ಮೀಟರ್ ಇಟ್ಟರೆ ಮುನ್ನೂರ ಹತ್ತು.

ಮೇಸ್ತ್ರಿ ಬೆರಳು ಒರೆಸಿಕೊಳ್ಳುತ್ತ, "ಹೊಸ ಗಾಡಿ ನಿಲ್ಲಿಸೋ ಯಾರ್ಡಲ್ಲಿ ಪೆಟ್ಟು ತಿಂದ ಗಾಡಿ ಇದು. ಅವಸರದಲ್ಲಿ ಬಳಿದಿದ್ದಾರೆ, ಅಡಿಗೆ ತುಕ್ಕು ತಡೆಯೋ ಪ್ರೈಮರ್ ಸರಿಯಾಗಿ ಕೊಟ್ಟಿಲ್ಲ. ತುಕ್ಕು ಬರದೆ ಇನ್ನೇನು," ಎಂದು ನೆಲ ನೋಡಿಕೊಂಡು ಹೇಳಿದ. ಮ್ಯಾನೇಜರ್ ಆತನನ್ನು ನುಂಗುವ ಹಾಗೆ ನೋಡಿದ.

"ಆಯ್ತು ಮೇಡಂ, ನಿಮ್ಮಂಥ ಹಿರಿಯರ ಹತ್ರ ವಾದ ಯಾಕೆ. ಗುಡ್‌ವಿಲ್ ಅಂತ ಬಾಗಿಲು ಮಾಡಿಕೊಡ್ತೀವಿ. ನಮ್ಮ ಕಡೆಯಿಂದ ಒಂದು ಉಪಕಾರ ಅಂದ್ಕೊಳ್ಳಿ."

"ಉಪಕಾರ?" ತಕ್ಕಡಿಯಮ್ಮನ ದನಿಗೆ ಗಾಜಿನ ಮೇಜಿನ ಆಚೆ ಕೂತಿದ್ದವರೆಲ್ಲ ತಿರುಗಿದರು. "ಪೆಟ್ಟು ತಿಂದ ಗಾಡಿಗೆ ಬಳಿದು ಹೊಸದು ಅಂತ ಕೊಟ್ಟವರು ನೀವು. ಮುಚ್ಚಿಟ್ಟವರು ನೀವು. ಮುಚ್ಚಿಟ್ಟೆ ಅಂತ ಬರೆಸಿಕೊಂಡವಳು ನಾನು. ಈಗ ಉಪಕಾರ ಬೇರೆ! ಯಾರ ಕಿವಿ ಮೇಲೆ ಹೂವಿಡ್ತೀರಿ?"

"ಮೇಡಂ, ನಿಮಗೆ ಬಾಗಿಲು ಬೇಕಾ, ಕಾಗದ ಬೇಕಾ?"

"ಎರಡೂ ಬೇಕು. ಮೊದಲು ಕಾಗದ."

ಮ್ಯಾನೇಜರ್ ಕಂಪ್ಯೂಟರಿನ ಮುಂದೆ ಕೂತ. ತಕ್ಕಡಿಯಮ್ಮ ಪಕ್ಕದಲ್ಲಿ ನಿಂತು ಒಂದೊಂದು ಪದವನ್ನೂ ಹೇಳಿ ಬರೆಸಿದಳು. "ಮಾರಾಟಕ್ಕೆ ಮುಂಚೆಯೇ ಈ ಬಾಗಿಲಿಗೆ ಮತ್ತೆ ಬಣ್ಣ ಬಳಿಯಲಾಗಿದೆ. ಹಿಂದೆ ಬರೆದದ್ದು ತಪ್ಪು. ವಾರಂಟಿಯ ಪ್ರಕಾರ ಸರಿಮಾಡಿಕೊಡುತ್ತೇವೆ. ಗ್ರಾಹಕರಾಗಲಿ ಅವರ ತಮ್ಮನಾಗಲಿ ಹೊರಗಡೆ ರಿಪೇರಿ ಮಾಡಿಸಿಲ್ಲ, ಏನನ್ನೂ ಮುಚ್ಚಿಟ್ಟಿಲ್ಲ."

ಮ್ಯಾನೇಜರ್ ಬೆರಳು ನಿಲ್ಲಿಸಿದ. "ತಮ್ಮ ಯಾಕೆ ಮೇಡಂ? ನಾವು ನಿಮ್ಮ ತಮ್ಮನ ಮಾತೇ ಎತ್ತಿಲ್ವಲ್ಲ."

ತಕ್ಕಡಿಯಮ್ಮನ ಬಾಯಿಗೆ ಬಂದ ಬೈಗುಳ ಅಲ್ಲೇ ನಿಂತಿತು. ಹೌದು, ಇವರು ಎತ್ತಿರಲಿಲ್ಲ. ಇಷ್ಟು ದೊಡ್ಡ ಕಟ್ಟಡದಲ್ಲಿ ತಮ್ಮನನ್ನು ಸುಳ್ಳ ಎಂದವರು ಒಬ್ಬರೂ ಇರಲಿಲ್ಲ. ಸಿಟ್ಟು ಇತ್ತು, ಇನ್ನೂ ಕುದಿಯುತ್ತಲೇ ಇತ್ತು. ಆದರೆ ಅದರ ಅರ್ಧಪಾಲು ಈಗ ಯಾರ ಮೇಲೆ ಎಂದು ಆಕೆಗೆ ಗೊತ್ತಾಯಿತು.

"ಬರೀರಿ," ಎಂದಳು ಮೆಲ್ಲಗೆ.

ಸಹಿ, ಮುದ್ರೆ, ತಾರೀಖು ಹಾಕಿಸಿಕೊಂಡು, ಬಾಗಿಲ ರಿಪೇರಿಗೆ ಕಾರನ್ನು ಅಲ್ಲೇ ಬಿಟ್ಟು, ಕೀಲಿಯನ್ನು ಮೇಸ್ತ್ರಿಯ ಕೈಗೇ ಕೊಟ್ಟು ಬಸ್ಸು ಹತ್ತಿದಳು. ಕೂರಲು ಜಾಗ ಸಿಗಲಿಲ್ಲ. ನಿಂತೇ ಬಂದಳು. ಆರು ದಿನ ತಮ್ಮನೂ ಬಂಡಲು ಹೊತ್ತು ನಿಂತದ್ದೂ ಹೀಗೆಯೇ ಇರಬೇಕು.

ಮನೆಯಲ್ಲಿ ತಮ್ಮ, ಪುಸ್ತಕವೊಂದರ ಬೆನ್ನಿಗೆ ಅಂಟು ಬಳಿಯುತ್ತಿದ್ದ. ತಕ್ಕಡಿಯಮ್ಮ ಈ ಸಲ ಚಪ್ಪಲಿ ಬಿಟ್ಟು ಒಳಗೆ ಬಂದಳು. ಕಾಗದವನ್ನು ಅವನ ಮುಂದೆ ಹಿಡಿದಳು.

ತಮ್ಮ ಕೈಯೊರೆಸಿಕೊಂಡು ಕನ್ನಡಕ ಹಾಕಿಕೊಂಡ. ಕಾಗದವನ್ನು ನಿಧಾನವಾಗಿ ಓದಿದ. ತನ್ನ ವಿಷಯ ಬಂದಲ್ಲಿ ಒಂದು ಕ್ಷಣ ನಿಂತ. ಕೆಳಗಿನ ಮುದ್ರೆಯವರೆಗೂ ಹೋಗಿ ಮತ್ತೆ ಮೇಲೆ ಬಂದ.

"ಇದರಲ್ಲಿ ಒಂದು ಸಹಿ ಕಡಿಮೆ ಇದೆ," ಎಂದ.

"ಮ್ಯಾನೇಜರೇ ಹಾಕಿದ್ದಾನಲ್ಲೋ. ಮುದ್ರೆ ನೋಡು, ದುಂಡಗೆ..."

ತಮ್ಮ ಅಲ್ಲವೆಂಬಂತೆ ತಲೆಯಾಡಿಸಿದ. ಕಿವಿಯ ಸಂದಿಯಲ್ಲಿದ್ದ ಪೆನ್ನು ತೆಗೆದು ಕಾಗದದ ಪಕ್ಕದಲ್ಲಿಟ್ಟ. "ಹಿಂದೆ ಬರೆದದ್ದು ತಪ್ಪು" ಎಂಬ ಸಾಲಿನ ಮೇಲೆ ಬೆರಳಿಟ್ಟ.

ತಕ್ಕಡಿಯಮ್ಮ ಆ ಸಾಲನ್ನು ನೋಡಿದಳು. ಕಣ್ಣು ಮಂಜಾಯಿತು. ಪೆನ್ನು ತೆಗೆದುಕೊಂಡು ಮ್ಯಾನೇಜರಿನ ಸಹಿಯ ಕೆಳಗೆ ತನ್ನ ಸಹಿ ಹಾಕಿದಳು. ಮೂವತ್ತೊಂದು ವರ್ಷ ಸಾವಿರಾರು ಕಾಗದಗಳ ಮೇಲೆ ಸಲೀಸಾಗಿ ಹಾಕಿದ ಸಹಿ, ಇವತ್ತು ಕೊನೆಯ ಅಕ್ಷರ ಓರೆಯಾಯಿತು. ಕಾಗದವನ್ನು ಅವನ ಕಡೆ ಸರಿಸಿದಳು.

ತಮ್ಮ ಅದನ್ನು ವಾಪಸ್ ಸರಿಸಿದ.

"ತಾರೀಖು ಅಕ್ಕ," ಎಂದ.